ಬೀಗದ ಕೈಯೂ ನಕ್ಷೆಯಲ್ಲಿರಲಿ

ಮೈಸೂರಿನಿಂದ ನಂಜನಗೂಡಿನ ದಾರಿ ಹಿಡಿದು ಸುಮಾರು ಹತ್ತು ಕಿಲೋಮೀಟರು ಸಾಗಿದಲ್ಲಿ ಮಂಡಕಳ್ಳಿಯ ವಿಮಾನನಿಲ್ದಾಣವು ಎದುರಾಗುತ್ತದೆ. 1940ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರದಿಂದ ನಿರ್ಮಿತವಾಗಿ, ಸ್ವಾತಂತ್ರ್ಯಾನಂತರದ ಬಹುಕಾಲವನ್ನು ಅರೆನಿದ್ರೆಯಲ್ಲಿಯೇ ಕಳೆದು, 2010ರ ಮೇ 15ರಂದು ಹೊಸ ಕಟ್ಟಡದೊಡನೆ ಪುನಃ ಲೋಕಾರ್ಪಣಗೊಂಡ ಈ ನಿಲ್ದಾಣವನ್ನು ದೊಡ್ಡದೆಂದು ಯಾರೂ ಹೇಳಲಾರರು. ಅದರ ಓಡುಪಥದ ಉದ್ದ 1,740 ಮೀಟರು. ಹೆದ್ದಾರಿಯೂ ರೈಲುಹಳಿಯೂ ಅಡ್ಡಬರುವುದರಿಂದ ಅದನ್ನು ನೀಳಗೊಳಿಸುವ ಚರ್ಚೆ ವರ್ಷಗಳಿಂದ ನಡೆಯುತ್ತಲೇ ಇದೆ. ಆದರೆ ಇಷ್ಟು ಚಿಕ್ಕದಾದ ನಿಲ್ದಾಣಕ್ಕೂ ದೆಹಲಿ ಮುಂಬಯಿಗಳ ಮಹಾನಿಲ್ದಾಣಗಳಿಗೂ ಒಂದು ವಿಷಯದಲ್ಲಿ ಭೇದವಿಲ್ಲ. ವಿಪತ್ತು ಒದಗಿದಾಗ ಯಾರು ಏನು ಮಾಡಬೇಕೆಂಬುದನ್ನು ನಿರ್ದೇಶಿಸುವ ತುರ್ತು ಯೋಜನೆಯೊಂದು ಇರತಕ್ಕದ್ದೆಂದೂ, ನಿಲ್ದಾಣವನ್ನೂ ಅದರ ಸುತ್ತಣ ಪ್ರದೇಶವನ್ನೂ ಚೌಕಗಳಾಗಿ ವಿಭಾಗಿಸಿದ ನಕ್ಷೆಯು ರಕ್ಷಣಾಕಾರ್ಯದಲ್ಲಿ ಪಾಲ್ಗೊಳ್ಳುವವರ ಕೈಯಲ್ಲಿರಬೇಕೆಂದೂ, ಎರಡು ವರ್ಷಗಳಿಗೆ ಒಮ್ಮೆಯಾದರೂ ಪೂರ್ಣಪ್ರಮಾಣದ ಅಣಕು ಕಾರ್ಯಾಚರಣೆ ನಡೆಯತಕ್ಕದ್ದೆಂದೂ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮಾವಳಿ ವಿಧಿಸುತ್ತದೆ.

ಮಂಡಕಳ್ಳಿಯ ಹೊಸ ಕಟ್ಟಡದ ಉದ್ಘಾಟನೆಯಾದ ಏಳನೆಯ ದಿನ, ಮೇ 22ರ ಬೆಳಗಿನಲ್ಲಿ, ಮಂಗಳೂರಿನ ಬಜಪೆಯಲ್ಲಿ ಇಳಿಯುತ್ತಿದ್ದ ವಿಮಾನವೊಂದು ಓಡುಪಥವನ್ನು ದಾಟಿ ಕಣಿವೆಗೆ ಉರುಳಿ, ಅದರಲ್ಲಿದ್ದ 166 ಮಂದಿಯ ಪೈಕಿ 158 ಮಂದಿ ಅಸುನೀಗಿದುದನ್ನು ಕನ್ನಡನಾಡು ಮರೆತಿಲ್ಲ. ವಿಮಾನ ಬಿದ್ದದ್ದು ನಿಲ್ದಾಣದ ಪ್ರಾಕಾರದ ಹೊರಗೆ. ಒಳಗಿನ ಓಡುಪಥದ ಅಂಗುಲ ಅಂಗುಲವನ್ನು ಅರಿತವರಿಗೂ ಹೊರಗಿನ ಇಕ್ಕಟ್ಟಾದ, ತಿರುವುಮುರುವಾದ ದಾರಿಯಲ್ಲಿ ಅಗ್ನಿಶಾಮಕ ವಾಹನವನ್ನು ಕಣಿವೆಯ ತಳಕ್ಕೆ ಇಳಿಸುವುದು ಬೇರೆಯೇ ಬಗೆಯ ಪರೀಕ್ಷೆಯಾಗಿತ್ತು. ನಕ್ಷೆಯ ಚೌಕಗಳು ಕಾಂಪೌಂಡಿನ ಹೊರಗೂ ಏಕೆ ಚಾಚಬೇಕೆಂಬುದಕ್ಕೆ ಇದಕ್ಕಿಂತ ದಾರುಣವಾದ ನಿದರ್ಶನ ಬೇಡ.

ಈಗ ಅದೇ ಮೈಸೂರಿನ ಇನ್ನೊಂದು ದಿಕ್ಕಿಗೆ ದೃಷ್ಟಿಯನ್ನು ಹೊರಳಿಸೋಣ. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯವು, ಕುವೆಂಪು ಅವರು ಕುಲಪತಿಗಳಾಗಿದ್ದಾಗ, ಹುಣಸೂರು ರಸ್ತೆಗೂ ಬೋಗಾದಿ ರಸ್ತೆಗೂ ನಡುವೆ, ಕುಕ್ಕರಹಳ್ಳಿ ಕೆರೆಯ ಮಗ್ಗುಲಿನಲ್ಲಿ, ಏಳುನೂರು ಎಕರೆಗೂ ಮಿಕ್ಕ ಭೂಮಿಯಲ್ಲಿ ಸ್ನಾತಕೋತ್ತರ ವಿದ್ಯೆಗಾಗಿ ಕಟ್ಟಿಕೊಂಡ ನೆಲೆ ಮಾನಸಗಂಗೋತ್ರಿ. ಅಲ್ಲಿಯ ಅಧ್ಯಯನ ವಿಭಾಗಗಳು, ಪ್ರಯೋಗಶಾಲೆಗಳು, ಗ್ರಂಥಾಲಯ, ವಿದ್ಯಾರ್ಥಿನಿಲಯಗಳು, ಬಯಲು ರಂಗಮಂದಿರ, ಇವೆಲ್ಲದರಲ್ಲಿ ಒಂದು ಸಾಮಾನ್ಯ ದಿನದಂದು ಸೇರುವ ಯುವಜನರ ಸಂಖ್ಯೆಯ ಮುಂದೆ ಮಂಡಕಳ್ಳಿಯ ಪ್ರಯಾಣಿಕರ ಸಂಖ್ಯೆ ಎಷ್ಟರದು? ಹೀಗಿದ್ದರೂ ವಿಮಾನನಿಲ್ದಾಣಕ್ಕೆ ಕಡ್ಡಾಯವಾದ ಚೌಕಜಾಲದ ನಕ್ಷೆಯೂ ಅಣಕು ಕಾರ್ಯಾಚರಣೆಯೂ ವಿಶ್ವವಿದ್ಯಾನಿಲಯದ ಆವರಣಕ್ಕೆ ಅದೇ ಬಿಗಿಯಿಂದ ಕಡ್ಡಾಯವಾಗಿಲ್ಲ. ವಿದ್ಯಾರ್ಥಿಗಳ ಸುರಕ್ಷತೆಯ ಕುರಿತು ವಿಶ್ವವಿದ್ಯಾಲಯ ಅನುದಾನ ಆಯೋಗವು 2015ರಲ್ಲಿ ಮಾರ್ಗಸೂಚಿಯನ್ನು ಹೊರಡಿಸಿದೆ, ನಿಜ. ಆದರೆ ಮಾರ್ಗಸೂಚಿಯೆಂಬುದು ನಮ್ಮ ಕಚೇರಿಗಳಲ್ಲಿ ಕಡತಕ್ಕೆ ಸೇರಿದ ಕ್ಷಣದಲ್ಲಿಯೇ ಪಾಲನೆಯಾಯಿತೆಂದು ಭಾವಿಸಲ್ಪಡುವ ವಸ್ತು.

ಬೆಂಕಿಯ ಸ್ಮೃತಿ ಮೈಸೂರಿಗೆ ಹೊಸದಲ್ಲ. ಮಾನಸಗಂಗೋತ್ರಿಯ ನಟ್ಟನಡುವೆ ಎತ್ತರದ ದಿಬ್ಬದ ಮೇಲೆ ನಿಂತಿರುವ, ಇಂದು ಜಾನಪದ ವಸ್ತುಸಂಗ್ರಹಾಲಯಕ್ಕೆ ಆಶ್ರಯವಿತ್ತಿರುವ ಜಯಲಕ್ಷ್ಮೀವಿಲಾಸ ಅರಮನೆಯು ನಾಲ್ವಡಿಯವರ ಹಿರಿಯ ಸಹೋದರಿ ಜಯಲಕ್ಷ್ಮಮ್ಮಣ್ಣಿಯವರಿಗಾಗಿ 1905ರ ವೇಳೆಗೆ ಕಟ್ಟಿಸಿದ್ದು. ಆ ರಾಜಕುಮಾರಿಯ ವಿವಾಹದ ಸಂಭ್ರಮ ನಡೆಯುತ್ತಿದ್ದಾಗಲೇ, 1897ರಲ್ಲಿ, ಮೈಸೂರಿನ ಹಳೆಯ ಮರದ ಅರಮನೆ ಅಗ್ನಿಗೆ ಆಹುತಿಯಾಯಿತು. ಈಗ ಪ್ರವಾಸಿಗರು ಕಣ್ಣರಳಿಸಿ ನೋಡುವ ಅರಮನೆಯು ಆ ಬೂದಿಯ ಮೇಲೆ ಎದ್ದದ್ದು. ಇದಾಗಿ ತೊಂಬತ್ತೆರಡು ವರ್ಷಗಳ ತರುವಾಯ, 1989ರ ಫೆಬ್ರವರಿ 8ರಂದು, ಹುಣಸೂರು ರಸ್ತೆಯಲ್ಲಿದ್ದ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನನನ್ನು ಕುರಿತ ದೂರದರ್ಶನ ಧಾರಾವಾಹಿಯ ಚಿತ್ರೀಕರಣ ನಡೆಯುತ್ತಿದ್ದಾಗ ಹೊತ್ತಿದ ಬೆಂಕಿಯಲ್ಲಿ 62 ಮಂದಿ ಮಡಿದರು. ಗೋಡೆಗಳಿಗೆ ಹೊದಿಸಿದ್ದ ಗೋಣಿತಟ್ಟು, ಗಾಳಿಕಿಂಡಿಗಳಿಲ್ಲದ ಕೋಣೆ, ಸಡಿಲವಾದ ವಿದ್ಯುತ್ ತಂತಿ, ಇವುಗಳ ಬಗೆಗೆ ಆಗ ಪತ್ರಿಕೆಗಳು ಬಹಳ ಬರೆದುವು. ಆ ಪಾಠವನ್ನು ನಾವು ಸ್ಟುಡಿಯೋಗಳಿಗೆ ಮಾತ್ರ ಸಂಬಂಧಿಸಿದ್ದೆಂದು ಎಣಿಸಿ ಸುಮ್ಮನಾದೆವೇನೋ.

ವಿನೋದವೆಂದರೆ, ಈ ವಿಷಯದಲ್ಲಿ ಪ್ರಪಂಚದ ಅತ್ಯಂತ ಹಳೆಯ ನಿಯಮಾವಳಿಗಳಲ್ಲಿ ಒಂದನ್ನು ಆಧುನಿಕ ಲೋಕಕ್ಕೆ ದೊರಕಿಸಿಕೊಟ್ಟದ್ದು ಮೈಸೂರೇ. 1905ರಲ್ಲಿ ಇಲ್ಲಿಯ ಪ್ರಾಚ್ಯ ಗ್ರಂಥಭಂಡಾರದಲ್ಲಿ, ಅಂದರೆ ಮುಂದೆ ವಿಶ್ವವಿದ್ಯಾನಿಲಯಕ್ಕೆ ಸೇರಿದ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ, ಪಂಡಿತ ಆರ್. ಶಾಮಶಾಸ್ತ್ರಿಗಳು ತಾಳೆಯೋಲೆಯೊಳಗಿಂದ ಗುರುತಿಸಿ 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವು ನಗರಾಧಿಕಾರಿಯ ಕರ್ತವ್ಯಗಳನ್ನು ಹೇಳುವಾಗ ಬೆಂಕಿಯ ಮಾತಿಗೆ ವಿಸ್ತಾರವಾದ ಎಡೆಗೊಟ್ಟಿದೆ. ಮನೆಮನೆಯಲ್ಲಿಯೂ ನೀರಿನ ಕೊಡಗಳು, ಏಣಿ, ಕೊಡಲಿ, ಕೊಕ್ಕೆ ಇರಬೇಕು; ಬೀದಿಗಳಲ್ಲಿಯೂ ಚೌಕಗಳಲ್ಲಿಯೂ ನೀರು ತುಂಬಿದ ಪಾತ್ರೆಗಳು ಸಾವಿರಗಟ್ಟಲೆ ಸಾಲಾಗಿರಬೇಕು; ಉರಿಯುವ ಮನೆಯತ್ತ ಧಾವಿಸದ ಮನೆಯೊಡೆಯನಿಗೆ ಹನ್ನೆರಡು ಪಣ, ಬಾಡಿಗೆದಾರನಿಗೆ ಆರು ಪಣ ದಂಡ. ಯಾವ ಸಾಧನ ಎಲ್ಲಿರಬೇಕು, ಯಾರು ಯಾವುದಕ್ಕೆ ಹೊಣೆ ಎಂಬ ಎರಡು ಪ್ರಶ್ನೆಗಳಿಗೂ ಅಲ್ಲಿ ಉತ್ತರವಿದೆ. ಇಂದು ಗಣಕಯಂತ್ರದ ಪರದೆಯ ಮೇಲೆ ನಾವು ಬರೆಯಹೊರಟಿರುವ ನಕ್ಷೆಯೂ ಉತ್ತರಿಸಬೇಕಾದದ್ದು ಈ ಎರಡು ಪ್ರಶ್ನೆಗಳನ್ನೇ.

ಮೈಸೂರು ಸೀಮೆಗೆ ನಕ್ಷೆಗಳ ಕೊರತೆ ಎಂದೂ ಇರಲಿಲ್ಲ. ಶ್ರೀರಂಗಪಟ್ಟಣದ ಪತನವಾದ ಕೂಡಲೇ ಕಾಲಿನ್ ಮೆಕೆಂಜಿ ಈ ಸಂಸ್ಥಾನದ ಸರ್ವೇಕ್ಷಣವನ್ನು ಕೈಗೊಂಡನು. ಉಪಖಂಡವನ್ನೆಲ್ಲ ತ್ರಿಕೋನಗಳಲ್ಲಿ ಅಳೆದ ಮಹಾ ಸರ್ವೇಕ್ಷಣಕ್ಕೆ ಪೂರ್ವಭಾವಿಯಾಗಿ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ತನ್ನ ಆಧಾರರೇಖೆಯನ್ನು ಬೆಂಗಳೂರಿನ ಬಳಿ ಎಳೆದನು. ಆದರೆ ಆ ನಕ್ಷೆಗಳು ಕಂದಾಯ ವಸೂಲಿಗೆ, ಸೈನ್ಯದ ಸಂಚಾರಕ್ಕೆ. ಸಂಕಟದಲ್ಲಿ ಸಿಕ್ಕಿದ ಮನುಷ್ಯನು ಪಾರಾಗುವುದಕ್ಕೆಂದು ನಕ್ಷೆ ಬರೆಯುವ ಅಭ್ಯಾಸವು ಈಚಿನದು, ಮತ್ತು ನಮ್ಮಲ್ಲಿ ಇನ್ನೂ ಬೇರೂರದಿರುವಂಥದು.

ಅಂಕೀಯ ನಕ್ಷೆಯೆಂದರೆ ಕಾಗದದ ನಕ್ಷೆಯನ್ನು ಮೊಬೈಲಿನಲ್ಲಿ ತೋರಿಸುವುದೆಂದು ಅನೇಕರು ತಿಳಿದಿದ್ದಾರೆ. ಜಿಐಎಸ್ ಎಂದು ಕರೆಯಲ್ಪಡುವ ಭೌಗೋಳಿಕ ಮಾಹಿತಿ ವ್ಯವಸ್ಥೆಯ ಸತ್ತ್ವ ಅದಲ್ಲ. ಅದರಲ್ಲಿ ಕಟ್ಟಡಗಳದೊಂದು ಪದರ, ರಸ್ತೆಗಳದೊಂದು, ನೀರಿನ ಕೊಳವೆಗಳದೊಂದು, ವಿದ್ಯುತ್ ಪರಿವರ್ತಕಗಳದೊಂದು, ಹೀಗೆ ಒಂದರ ಮೇಲೊಂದಾಗಿ ಅನೇಕ ಪದರಗಳಿದ್ದು, ಪ್ರತಿಯೊಂದು ವಸ್ತುವಿಗೂ ಅದರ ಗುಣಲಕ್ಷಣಗಳ ಪಟ್ಟಿ ಅಂಟಿಕೊಂಡಿರುತ್ತದೆ. ಪ್ರಯೋಗಶಾಲೆಯ ಒಂದು ಕೋಣೆಯ ಮೇಲೆ ಬೆರಳಿಟ್ಟರೆ ಅಲ್ಲಿ ಯಾವ ರಾಸಾಯನಿಕ ಸಂಗ್ರಹವಾಗಿದೆ, ಬೆಳಗಿನ ಹನ್ನೊಂದು ಗಂಟೆಗೆ ಎಷ್ಟು ಮಂದಿ ಅಲ್ಲಿರುತ್ತಾರೆ, ರಾತ್ರಿ ಹನ್ನೊಂದಕ್ಕೆ ಎಷ್ಟು, ಹೊರಬೀಳುವ ಬಾಗಿಲು ಎಷ್ಟು ಅಗಲ, ಅದು ಒಳಕ್ಕೆ ತೆರೆಯುವುದೋ ಹೊರಕ್ಕೆ ತೆರೆಯುವುದೋ ಎಂಬುದೆಲ್ಲವೂ ಬರಬೇಕು. ಬಾಗಿಲು, ಮೊಗಸಾಲೆ, ಮೆಟ್ಟಿಲು, ರಸ್ತೆ, ಗೇಟು, ಇವನ್ನು ಗಂಟುಗಳನ್ನಾಗಿಯೂ ಎಳೆಗಳನ್ನಾಗಿಯೂ ಜೋಡಿಸಿದ ಬಲೆಯ ಮೇಲೆ ಅತಿ ಹ್ರಸ್ವವಾದ ದಾರಿಯನ್ನು ಹುಡುಕುವ ಗಣಿತವನ್ನು ಡಚ್ ವಿಜ್ಞಾನಿ ಎಡ್ಸ್ಗರ್ ಡೈಕ್‌ಸ್ಟ್ರಾ 1959ರಲ್ಲಿಯೇ ಪ್ರಕಟಿಸಿದನು. ಇಂದು ನಮ್ಮನ್ನು ಮದುವೆಮನೆಗೆ ಮುಟ್ಟಿಸುವ ಮೊಬೈಲಿನ ದಾರಿಸೂಚಿಯ ಮೂಲದಲ್ಲಿರುವುದೂ ಆ ಬಗೆಯ ಗಣಿತವೇ.

ಆದರೆ ಎಲ್ಲರಿಗೂ ಅತಿ ಹತ್ತಿರದ ದಾರಿಯನ್ನೇ ತೋರಿಸಿದರೆ ಎಲ್ಲರೂ ಒಂದೇ ಬಾಗಿಲಿನಲ್ಲಿ ಕೂಡುವರು. ಜನರನ್ನು ತೆರವುಗೊಳಿಸುವ ಯೋಜನೆಯು ದಾರಿಯ ಉದ್ದಕ್ಕಿಂತ ದಾರಿಯ ಧಾರಣಶಕ್ತಿಯನ್ನು ಮುಖ್ಯವಾಗಿ ಎಣಿಸುವುದು ಈ ಕಾರಣದಿಂದ. ಒಂದು ಮೀಟರು ಅಗಲದ ಬಾಗಿಲಿನಲ್ಲಿ, ನೂಕುನುಗ್ಗಲಿಲ್ಲದೆ ನಡೆದರೆ, ನಿಮಿಷಕ್ಕೆ 70ರಿಂದ 80 ಮಂದಿ ದಾಟಬಲ್ಲರೆಂಬುದು ಈ ಶಾಸ್ತ್ರದವರು ಬಳಸುವ ಸ್ಥೂಲವಾದ ಲೆಕ್ಕ. 800 ಮಂದಿ ಕುಳಿತಿರುವ ಸಭಾಂಗಣಕ್ಕೆ ಒಂದೂವರೆ ಮೀಟರಿನ ಎರಡು ಬಾಗಿಲುಗಳಿದ್ದರೆ ಸುಮಾರು ಮೂರೂವರೆ ನಿಮಿಷಗಳಲ್ಲಿ ಎಲ್ಲರೂ ಹೊರಗಿರುತ್ತಾರೆ. ಅವುಗಳಲ್ಲಿ ಒಂದಕ್ಕೆ ಬೀಗ ಬಿದ್ದಿದ್ದರೆ? ಏಳು ನಿಮಿಷ. ಕಾಗದದ ಲೆಕ್ಕದಲ್ಲಿ ಇದು ಕೇವಲ ಇಮ್ಮಡಿ. ಹೊಗೆ ತುಂಬಿದ ಕೋಣೆಯಲ್ಲಿ ಮೊದಲ ಮೂರೂವರೆ ನಿಮಿಷಕ್ಕೂ ಮುಂದಿನ ಮೂರೂವರೆ ನಿಮಿಷಕ್ಕೂ ಇರುವ ಅಂತರವು ಜೀವಕ್ಕೂ ಮರಣಕ್ಕೂ ಇರುವ ಅಂತರ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಒಂಬತ್ತು ಮಂದಿ ಪ್ರಾಣ ಕಳೆದುಕೊಂಡಾಗ ಅವರನ್ನು ದಿಕ್ಕುಗೆಡಿಸಿದ್ದು ಉರಿಗಿಂತ ಹೆಚ್ಚಾಗಿ ಹೊಗೆ.

ನನ್ನ ಅಭಿಪ್ರಾಯದ ತಿರುಳು ಇಲ್ಲಿಯೇ ಇದೆ. ನಮ್ಮ ಸಂಸ್ಥೆಗಳಲ್ಲಿ ನಕ್ಷೆ ಎಂದೊಡನೆ ಉಪಗ್ರಹದ ಚಿತ್ರ, ಡ್ರೋನಿನ ಹಾರಾಟ, ಬಣ್ಣಬಣ್ಣದ ಕಟ್ಟಡಗಳ ಮೂರು ಆಯಾಮದ ಬಿಂಬ, ಇವುಗಳ ಮೋಹ ಆರಂಭವಾಗುತ್ತದೆ. ಆಕಾಶದಿಂದ ಛಾವಣಿ ಕಾಣುತ್ತದೆ, ಬೀಗ ಕಾಣುವುದಿಲ್ಲ. ಕಳ್ಳರ ಭಯದಿಂದ ವಿದ್ಯಾರ್ಥಿನಿಲಯದ ಹಿಂಬಾಗಿಲಿಗೆ ಹಾಕಿದ ಕಬ್ಬಿಣದ ಜಾಲರಿ, ಮುರಿದ ಬೆಂಚುಗಳನ್ನು ಪೇರಿಸಿಟ್ಟಿರುವ ಎರಡನೆಯ ಮೆಟ್ಟಿಲು, ಸಂಜೆ ಆರಕ್ಕೆ ಮುಚ್ಚಿ ಕೈಯನ್ನು ಕಾವಲುಗಾರನು ತನ್ನೊಡನೆ ಕೊಂಡೊಯ್ಯುವ ಪಕ್ಕದ ಗೇಟು, ಇವನ್ನೆಲ್ಲ ನಡೆದುಹೋಗಿ, ಟೇಪು ಹಿಡಿದು, ಬಾಗಿಲನ್ನು ತಳ್ಳಿ ನೋಡಿಯೇ ಬರೆದುಕೊಳ್ಳಬೇಕು. ಮೊಬೈಲಿನ ಜಿಪಿಎಸ್ ಕಟ್ಟಡದೊಳಗೆ ತಡವರಿಸುತ್ತದೆ. ಎರಡನೆಯ ಮಹಡಿಗೂ ನೆಲಮಹಡಿಗೂ ಅದಕ್ಕೆ ಭೇದ ತಿಳಿಯದು. ಆದುದರಿಂದ ಪ್ರತಿಯೊಂದು ನಿರ್ಗಮದ್ವಾರದ ಗುಣಲಕ್ಷಣಗಳ ಪಟ್ಟಿಯಲ್ಲಿ ಅಗಲ, ದಿಕ್ಕುಗಳ ಜೊತೆಗೆ ಇನ್ನೊಂದು ಕಲಮು ಅವಶ್ಯವಾಗಿ ಇರಲಿ: ಈ ಬಾಗಿಲಿಗೆ ಬೀಗ ಬೀಳುವ ಹೊತ್ತು ಯಾವುದು, ಬೀಗದ ಕೈ ಯಾರ ಬಳಿ.

2023ರ ನವೆಂಬರ್ 25ರ ಸಂಜೆ ನೆರೆಯ ಕೇರಳದ ಕೊಚ್ಚಿ ವಿಜ್ಞಾನ ತಂತ್ರಜ್ಞಾನ ವಿಶ್ವವಿದ್ಯಾನಿಲಯದಲ್ಲಿ ಸಂಭವಿಸಿದ್ದನ್ನು ನಾವು ಪತ್ರಿಕೆಯಲ್ಲಿ ಓದಿ ಮಡಿಸಿಟ್ಟೆವು. ವಿದ್ಯಾರ್ಥಿಗಳ ಉತ್ಸವ, ಬಯಲು ರಂಗಮಂದಿರದಲ್ಲಿ ಗಾಯನ, ಒಳಬರಲು ಕಡಿದಾದ ಮೆಟ್ಟಿಲುಗಳಿದ್ದ ಒಂದೇ ದ್ವಾರ. ಹೊರಗೆ ಕಾದಿದ್ದವರ ಮೇಲೆ ಮಳೆ ಸುರಿದಾಗ ಎಲ್ಲರೂ ಆಶ್ರಯಕ್ಕಾಗಿ ಆ ದ್ವಾರದತ್ತಲೇ ನುಗ್ಗಿ, ನಾಲ್ವರು ಕಾಲ್ತುಳಿತಕ್ಕೆ ಬಲಿಯಾದರು. ಬೆಂಕಿಯಿಲ್ಲ, ಭೂಕಂಪವಿಲ್ಲ, ಒಂದು ಮಳೆ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ದ್ವಾರಗಳಲ್ಲಿ ಹನ್ನೊಂದು ಮಂದಿಯ ಉಸಿರು ನಿಂತಾಗಲೂ ಇದ್ದದ್ದು ಜಯೋತ್ಸಾಹವೇ ಹೊರತು ಆಪತ್ತಲ್ಲ.

ಮಾನಸಗಂಗೋತ್ರಿಯಲ್ಲಿಯೂ ಬಯಲು ರಂಗಮಂದಿರವಿದೆ. ದಸರೆಗೆ ಮುನ್ನ ಅಲ್ಲಿ ನಡೆಯುವ ಯುವ ಸಂಭ್ರಮಕ್ಕೆ ರಾಜ್ಯದ ನಾನಾ ಕಾಲೇಜುಗಳ ತಂಡಗಳು ಬರುತ್ತವೆ. ನೋಡಲು ಸೇರುವ ಸಹಸ್ರಾರು ತರುಣ ತರುಣಿಯರಲ್ಲಿ ಆ ಆವರಣವನ್ನು ಮೊದಲ ಸಲ ಕಾಣುವವರೇ ಬಹಳ. ದಸರೆಯ ಕಾಲದ ಮೈಸೂರಿನಲ್ಲಿ ಮಳೆ ಬಾರದೆಂದು ಯಾರು ಭರವಸೆ ಕೊಡಬಲ್ಲರು? ಯುವ ದಸರೆಯನ್ನು ಜನದಟ್ಟಣೆಯ ಕಾರಣದಿಂದ 2024ರಲ್ಲಿ ಮಹಾರಾಜ ಕಾಲೇಜಿನ ಮೈದಾನದಿಂದ ಊರ ಹೊರಗಿನ ಉತ್ತನಹಳ್ಳಿಗೆ ಒಯ್ದದ್ದು ವಿವೇಕದ ಕೆಲಸ. ಆದರೆ ಸ್ಥಳವನ್ನು ಬದಲಿಸುವುದರಿಂದ ಲೆಕ್ಕದ ಅಗತ್ಯ ತಪ್ಪುವುದಿಲ್ಲ. ಹೊಸ ಬಯಲಿನಲ್ಲಿಯೂ ಎಷ್ಟು ಅಗಲದ ಎಷ್ಟು ದಾರಿಗಳೆಂಬ ಪ್ರಶ್ನೆ ಹಾಗೆಯೇ ಇರುತ್ತದೆ. ಇನ್ನೊಂದು ಸಂಗತಿ: ಗದ್ದಲವೆದ್ದಾಗ ನಮ್ಮ ಯುವಕರು ಮೊದಲು ಓಡುವುದು ತಮ್ಮ ಬೈಕು ಸ್ಕೂಟರುಗಳತ್ತ. ನಡೆದು ಹತ್ತು ನಿಮಿಷದಲ್ಲಿ ಬರಿದಾಗಬಹುದಾದ ಆವರಣವು ವಾಹನಗಳು ಗೇಟಿನಲ್ಲಿ ಸಿಕ್ಕಿಕೊಂಡರೆ ಒಂದು ಗಂಟೆಯಾದರೂ ಬರಿದಾಗದು, ಅಗ್ನಿಶಾಮಕ ವಾಹನವು ಒಳಬರಲೂ ಆಗದು. ವಾಹನ ನಿಲ್ಲಿಸುವ ಜಾಗವನ್ನು ಜನ ಸೇರುವ ಜಾಗದಿಂದ ಬೇರೆಯಾಗಿಡುವುದನ್ನು ನಕ್ಷೆಯೇ ಕಲಿಸಬೇಕು.

ಎಲ್ಲ ವಿಪತ್ತುಗಳಲ್ಲಿಯೂ ಹೊರಗೆ ಓಡುವುದೇ ಸರಿಯಲ್ಲವೆಂಬುದನ್ನೂ ಮೈಸೂರೇ ಕಲಿತಿದೆ. 2011ರ ಜೂನ್ 8ರಂದು ಎರಡು ಕಾಡಾನೆಗಳು ನಗರದೊಳಗೆ ಬಂದು ಒಬ್ಬರನ್ನು ಕೊಂದ ದಿನ ಶಾಲಾಕಾಲೇಜುಗಳಿಗೆ ರಜೆ ಸಾರಬೇಕಾಯಿತು. 2024ರ ಡಿಸೆಂಬರ್ 31ರಂದು ಹೆಬ್ಬಾಳಿನ ಇನ್ಫೋಸಿಸ್ ಆವರಣದಲ್ಲಿ ಚಿರತೆ ಕಾಣಿಸಿಕೊಂಡಾಗ ತರಬೇತಿಯಲ್ಲಿದ್ದವರಿಗೆ ಕೊಠಡಿಗಳಲ್ಲಿಯೇ ಇರುವಂತೆ ಸೂಚನೆ ಹೋಯಿತು. ಬೆಂಕಿಗೆ ಹೊರಗೆ, ಚಿರತೆಗೆ ಒಳಗೆ. ಒಂದೇ ಗಂಟೆಯ ಸದ್ದು ಎರಡಕ್ಕೂ ಸಾಲದು.

ಗಂಟೆಯ ಸದ್ದೆಂದಾಗ ಮಾನಸಗಂಗೋತ್ರಿಯ ನೆರೆಯಲ್ಲಿಯೇ ಇರುವ, 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ನೆನಪಿಗೆ ಬರುತ್ತದೆ. ಅಲ್ಲಿಗೆ ನಿತ್ಯವೂ ಬರುವ ಮಕ್ಕಳಲ್ಲಿ ಅನೇಕರಿಗೆ ಸೈರನ್ನು ಕೇಳಿಸದು. ಅಂಥವರಿಗೆ ಮಿಂಚುವ ದೀಪ ಬೇಕು. ಗಾಲಿಕುರ್ಚಿಯಲ್ಲಿರುವವರಿಗೆ ಮೆಟ್ಟಿಲಿಲ್ಲದ ದಾರಿ ಬೇಕು. ದೃಷ್ಟಿಯಿಲ್ಲದ ವಿದ್ಯಾರ್ಥಿಗೆ ಪಕ್ಕದ ಕೋಣೆಯ ಒಬ್ಬ ಸಹಪಾಠಿ ಹೊಣೆಗಾರನಾಗಬೇಕು. ಇವರ ದಾರಿ ಬೇರೆ, ವೇಗ ಬೇರೆ. ಸರಾಸರಿ ಮನುಷ್ಯನ ನಡಿಗೆಯನ್ನು ಇಟ್ಟುಕೊಂಡು ಮಾಡಿದ ಲೆಕ್ಕ ಇವರನ್ನು ಕಟ್ಟಡದೊಳಗೇ ಬಿಟ್ಟುಬರುತ್ತದೆ. ಮಾನಸಗಂಗೋತ್ರಿ, ಈ ಸಂಸ್ಥೆ, ಭಾರತೀಯ ಭಾಷಾ ಸಂಸ್ಥಾನ, ಪ್ರಾದೇಶಿಕ ಶಿಕ್ಷಣ ಸಂಸ್ಥೆ, ಮುಕ್ತ ವಿಶ್ವವಿದ್ಯಾನಿಲಯ, ಇವೆಲ್ಲವೂ ಒಂದರ ಗೋಡೆಗೆ ಒಂದು ಸಮೀಪವಾಗಿದ್ದು, ಒಂದೇ ರಸ್ತೆಗಳಿಗೆ ತಮ್ಮ ಜನರನ್ನು ಹೊರಬಿಡುವುದರಿಂದ ಐದು ಬೇರೆ ಬೇರೆ ನಕ್ಷೆಗಳಿಗಿಂತ ಎಲ್ಲವನ್ನೂ ಒಳಗೊಂಡ ಒಂದು ನಕ್ಷೆ ಮೇಲು.

ಹಣವೆಲ್ಲಿಂದ ಎಂಬ ಪ್ರಶ್ನೆ ಬರುವುದು ಸಹಜ; ವಿಶ್ವವಿದ್ಯಾನಿಲಯಗಳ ಬೊಕ್ಕಸದ ಸ್ಥಿತಿ ಗುಟ್ಟೇನೂ ಅಲ್ಲ. ಆದರೆ ಕ್ಯೂಜಿಐಎಸ್ ಎಂಬ ತಂತ್ರಾಂಶ ಉಚಿತ. 2004ರಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಸಾರ್ವಜನಿಕ ನಕ್ಷೆಯೂ ಉಚಿತ. ನಕ್ಷೆ ಬರೆಯುವುದರ ಮೇಲೆ ಮೊದಲಿದ್ದ ಅನುಮತಿಗಳ ಕಟ್ಟುಪಾಡನ್ನು ಕೇಂದ್ರ ಸರ್ಕಾರ 2021ರ ಫೆಬ್ರವರಿಯಲ್ಲಿ ಬಹುಮಟ್ಟಿಗೆ ಸಡಿಲಿಸಿದೆ. ಅಂಚೆ ಇಲಾಖೆಯು 2025ರ ಮೇ ತಿಂಗಳಲ್ಲಿ ಹೊರತಂದ ಡಿಜಿಪಿನ್ ಎಂಬ ಪದ್ಧತಿಯಲ್ಲಿ ದೇಶದ ನೆಲವೆಲ್ಲ ನಾಲ್ಕು ಮೀಟರಿನ ಚೌಕಗಳಾಗಿ ವಿಭಾಗವಾಗಿ ಪ್ರತಿಯೊಂದಕ್ಕೂ ಹತ್ತು ಅಕ್ಷರಗಳ ಸಂಕೇತ ದೊರೆತಿದೆ. ಪ್ರತಿ ಗೇಟಿನ ಮೇಲೆಯೂ ಆ ಸಂಕೇತವನ್ನು ಬರೆದಿಟ್ಟರೆ, 112ಕ್ಕೆ ಕರೆಮಾಡಿದ ಗಾಬರಿಗೊಂಡ ವಿದ್ಯಾರ್ಥಿಯು ದೊಡ್ಡ ಮರದಿಂದ ಎಡಕ್ಕೆ ಎಂದು ದಾರಿ ಹೇಳುವ ಪ್ರಮೇಯ ಬರುವುದಿಲ್ಲ. ಇನ್ನು ಅಳೆಯುವ ಕೈಗಳು? ಮಾನಸಗಂಗೋತ್ರಿಯಲ್ಲಿಯೇ ಭೂಗೋಳಶಾಸ್ತ್ರದ ವಿಭಾಗವಿದೆ. ಸ್ನಾತಕೋತ್ತರ ವಿದ್ಯಾರ್ಥಿಗಳು ದೂರದ ಯಾವುದೋ ಜಲಾನಯನವನ್ನು ಕುರಿತು ಪ್ರಬಂಧ ಬರೆಯುವಂತೆ ತಮ್ಮ ವಿದ್ಯಾರ್ಥಿನಿಲಯದ ಬಾಗಿಲುಗಳನ್ನು ಕುರಿತೂ ಬರೆಯಲಿ, ಅಂಕಗಳನ್ನೂ ಕೊಡಲಿ.

ಒಳಗಿನ ವಿನ್ಯಾಸವನ್ನೆಲ್ಲ ಬಯಲು ಮಾಡಿದರೆ ದುಷ್ಟರಿಗೆ ಅನುಕೂಲವಾಗದೆ, ವಿಶೇಷವಾಗಿ ವಿದ್ಯಾರ್ಥಿನಿಯರ ನಿಲಯಗಳ ವಿಷಯದಲ್ಲಿ ಅಪಾಯವಿಲ್ಲವೆ ಎಂಬ ಆಕ್ಷೇಪ ನಿರಾಧಾರವಲ್ಲ. ರಾಸಾಯನಿಕಗಳು, ಕಾವಲುಗಾರರ ಸರದಿ, ಬೀಗದ ಕೈಗಳ ವಿವರ, ಇವು ಅಗ್ನಿಶಾಮಕ ಠಾಣೆ, ಪೊಲೀಸು, ಕುಲಸಚಿವರ ಕಚೇರಿ ಇವುಗಳೊಳಗೆ ಉಳಿಯಲಿ. ಆದರೆ ತಾನು ಮಲಗುವ ಕೋಣೆಯಿಂದ ಹೊರಬೀಳುವ ಎರಡು ದಾರಿಗಳು ಯಾವುವೆಂಬುದನ್ನು ಅಲ್ಲಿ ಮಲಗುವವರಿಂದಲೇ ಮುಚ್ಚಿಡುವುದಕ್ಕೆ ಯಾವ ನ್ಯಾಯವೂ ಇಲ್ಲ. ಅಮೆರಿಕದಲ್ಲಿ 2007ರ ಏಪ್ರಿಲ್ 16ರಂದು ವರ್ಜೀನಿಯ ಟೆಕ್ ವಿಶ್ವವಿದ್ಯಾನಿಲಯದಲ್ಲಿ 32 ಮಂದಿ ಗುಂಡಿಗೆ ಬಲಿಯಾದ ಮರುವರ್ಷ, ಆವರಣದಲ್ಲಿ ಅಪಾಯವಿದ್ದಾಗ ವಿದ್ಯಾರ್ಥಿಗಳಿಗೆ ಕೂಡಲೇ ತಿಳಿಸತಕ್ಕದ್ದೆಂದೂ, ತುರ್ತು ಸ್ಪಂದನ ಹಾಗೂ ತೆರವಿನ ಕ್ರಮವನ್ನು ಪ್ರಕಟಿಸಿ ಪರೀಕ್ಷಿಸತಕ್ಕದ್ದೆಂದೂ ಕಾನೂನಿನಲ್ಲಿಯೇ ಸೇರಿಸಿದರು. ಅಷ್ಟು ದೊಡ್ಡ ಬೆಲೆ ತೆತ್ತ ಮೇಲೆಯೇ ನಾವೂ ಎಚ್ಚರಗೊಳ್ಳಬೇಕಾಗಿಲ್ಲ.

ವಿಶ್ವವಿದ್ಯಾನಿಲಯದ ಆಡಳಿತವನ್ನು ಕೇಳಿಕೊಳ್ಳುವುದಿಷ್ಟೆ. ಇಡೀ ಏಳುನೂರು ಎಕರೆಯ ಮಹಾನಕ್ಷೆ ಸಿದ್ಧವಾಗುವವರೆಗೆ ಕಾಯುವುದು ಬೇಡ. ಬರುವ ಯುವ ಸಂಭ್ರಮಕ್ಕೆ ಮುನ್ನ ಬಯಲು ರಂಗಮಂದಿರವೊಂದರ ನಕ್ಷೆಯಾದರೂ ಆಗಲಿ. ಅದರ ದ್ವಾರಗಳ ಅಗಲವನ್ನು ಅಳೆದು, ಎಷ್ಟು ಮಂದಿಯನ್ನು ಒಳಬಿಡಬಹುದೆಂಬ ಸಂಖ್ಯೆಯನ್ನು ಆ ಅಳತೆಯಿಂದಲೇ ನಿಶ್ಚಯಿಸಿ, ಕನ್ನಡದಲ್ಲಿ ದೊಡ್ಡ ಅಕ್ಷರಗಳಲ್ಲಿ ಗೇಟಿನ ಮೇಲೆ ಬರೆಯಿಸಲಿ. ಕಾರ್ಯಕ್ರಮಕ್ಕೆ ಹಿಂದಿನ ದಿನ ಅಗ್ನಿಶಾಮಕ ದಳದವರನ್ನು ಕರೆದು, ವಿದ್ಯಾರ್ಥಿಗಳನ್ನು ಕೂರಿಸಿ, ಗಡಿಯಾರ ಹಿಡಿದು ಒಮ್ಮೆ ತೆರವು ಮಾಡಿಸಿ ನೋಡಲಿ. ಎಷ್ಟು ನಿಮಿಷ ಹಿಡಿಯಿತೆಂಬುದನ್ನು ಪತ್ರಿಕೆಗಳಿಗೆ ತಿಳಿಸಲಿ. ಮತ್ತು ಕಾರ್ಯಕ್ರಮ ನಡೆಯುವ ಅಷ್ಟೂ ಹೊತ್ತು ಅಲ್ಲಿಯ ಯಾವ ಗೇಟಿಗೂ ಬೀಗ ಹಾಕಕೂಡದೆಂಬ ಲಿಖಿತ ಆಜ್ಞೆಯನ್ನು ಕುಲಸಚಿವರು ಈಗಲೇ ಹೊರಡಿಸಲಿ.